ಬಿಟ್ಟುಕೊಟ್ಟ ಚಮಚ

ಇವತ್ತು ಒಂದು ದಿನದ ಮಟ್ಟಿಗೆ ಏನೂ ಮಾಡದೆ ಸುಮ್ಮನೆ ಕೂತಿರಬೇಕು, ಅಷ್ಟೇ. ಬಸ್ಸಿನ ಕಿಟಕಿಗೆ ಹಣೆ ಆನಿಸಿಕೊಂಡು ಅವಳು ಇದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಅಮ್ಮನ ಕಿವಿಗೇನಾದರೂ ಬಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಹುಟ್ಟಿದಾಗಿನಿಂದ ಮೂಲೆ ಹಿಡಿದು ಸುಮ್ಮನೆ ಕೂತೇ ಮೌನಗೌರಿ ಎಂದು ಹೆಸರು ಸಂಪಾದಿಸಿದವಳಿಗೆ ಇದೇನು ಮಹಾ? ಆದರೆ ಸಮುದ್ರ ದಾಟಿ ಪರದೇಶಕ್ಕೆ ಬಂದು, ಸೇವೆ ಮಾಡುತ್ತಾ ಕಲಿಯುತ್ತೇನೆಂದು ಕಾಲೇಜಿನ ಹಾಳೆಗೆ ಸಹಿ ಹಾಕಿದ ಮೇಲೆ ಸಿಕ್ಕ ಎಲ್ಲ ಕೆಲಸಗಳಲ್ಲಿ ಇದೇ ಕಷ್ಟದ್ದು ಅನ್ನಿಸಿತು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. ಬೇರೆ ಯಾರದೋ ಸಾಮಾನನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರು ಎಂದು ಕೊಟ್ಟು ಹೋದಂತಿದ್ದವು. ಪಕ್ಕದಲ್ಲಿ ಕೂತಿದ್ದ ಗೆಳತಿ, ಇಡೀ ಗುಂಪು ಮಾತಿನಮಲ್ಲಿ ಎಂದು ಕರೆಯುತ್ತಿದ್ದವಳು, ಮೊಣಕೈಯಿಂದ ತಿವಿದಳು.

"ಯಾಕೇ ಮುಖ ಹುಳ್ಳಗೆ ಮಾಡ್ಕೊಂಡಿದೀಯ? ಇವತ್ತು ಮೇಷ್ಟ್ರು ಕ್ಯಾಮೆರಾ ಹಿಡ್ಕೊಂಡು ಬರ್ತಾರೆ ಕಣೇ. ಮಾರ್ಕ್ಸೂ ಇವತ್ತೇ ಹಾಕ್ತಾರಂತೆ. ಸ್ವಲ್ಪ ನಗು ಅಂಟಿಸ್ಕೋ."

"ಏನಿಲ್ಲ."

"ನೀನು ಏನಿಲ್ಲ ಅಂದ್ರೆ ಏನೋ ದೊಡ್ಡದೇ ಇದೆ ಅಂತ ಲೆಕ್ಕ. ಇರ್ಲಿ ಬಿಡು, ನನ್ನ ಹತ್ರ ಹೇಳ್ದೆ ಇದ್ರೆ ನಷ್ಟ ನಿಂಗೇ," ಎಂದು ಅವಳು ತಾನು ನಿಲಯದಲ್ಲಿ ದಿನವೂ ಬೂಟಿನ ದಾರ ಕಟ್ಟಿಕೊಡುವ ಬೂಟಣ್ಣನಿಗೆ ಹೊಸ ಥರದ ಗಂಟು ಹಾಕಿದ್ದನ್ನೂ, ಅವನ ಕಣ್ಣಲ್ಲಿ ನೀರು ಬಂದದ್ದನ್ನೂ ಹೇಳತೊಡಗಿದಳು. ಬೂಟಣ್ಣನ ಕಣ್ಣಲ್ಲಿ ನೀರು ಯಾಕೆ ಬಂತೆಂದು ಇವಳಿಗೆ ಈಗ ಗೊತ್ತಿತ್ತು. ನಗು ತಡೆದುಕೊಂಡರೆ ಕೆಲವರಿಗೆ ಹಾಗಾಗುತ್ತದೆ.

ಅಂಗವಿಕಲ ವಯಸ್ಕರ ಆ ನಿಲಯಕ್ಕೆ ಅವರೆಲ್ಲ ಮೊದಲು ಕಾಲಿಟ್ಟ ದಿನ ಮೇಲ್ವಿಚಾರಕಿ ಊಟದ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ಪ್ರಸಾದ ಹಂಚುವ ಹಾಗೆ ಕೆಲಸ ಹಂಚಿದ್ದಳು. ಎತ್ತರದ ಹುಡುಗನಿಗೆ ಒಂದು ಗಾಲಿಕುರ್ಚಿ ತಳ್ಳುವುದು, ಮಾತಿನಮಲ್ಲಿಗೆ ಒಬ್ಬಾತನ ಬೂಟಿನ ದಾರ ಕಟ್ಟುವುದು, ಇವಳಿಗೆ ಒಂದು ಚಮಚ. ಉದ್ದ ಮೇಜಿನ ಪ್ಲಾಸ್ಟಿಕ್ ಹೊದಿಕೆಯ ಹೂಗಳು ಒರೆಸಿ ಒರೆಸಿ ಮಾಸಿ, ಎಲೆಗಳು ಮಾತ್ರ ಉಳಿದಿದ್ದವು. ಅದರ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತ, ಕತ್ತು ಒಂದು ಕಡೆಗೆ ವಾಲಿದ, ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸನ್ನು ತೋರಿಸಿ, ಮಧ್ಯಾಹ್ನದ ಊಟ ಇವರಿಗೆ ನೀನೇ ತಿನ್ನಿಸಬೇಕು ಎಂದಿದ್ದಳು. ಆ ಹೆಂಗಸನ್ನು ಅಲ್ಲಿಯವರೆಲ್ಲ ಯಜಮಾನಿ ಎನ್ನುತ್ತಿದ್ದರು. ಕೈಗಳು ಸದಾ ನಡುಗುತ್ತಿದ್ದವು. ಮಾತು ಮಾತ್ರ, ನಿಧಾನವಾದರೂ, ಗುರಿ ತಪ್ಪುತ್ತಿರಲಿಲ್ಲ. ಮೊದಲ ಚಮಚ ಸೂಪು ಬಟ್ಟಲಿನಿಂದ ಬಾಯಿಯವರೆಗೆ ಹೋಗುವಷ್ಟರಲ್ಲಿ ಅರ್ಧವಾಗಿತ್ತು. ಯಜಮಾನಿ ಅದನ್ನು ನುಂಗಿ, "ಯಾರ ಕೈ ಜಾಸ್ತಿ ನಡುಗತ್ತೆ ನೋಡೋಣ, ನಂದೋ ನಿಂದೋ," ಎಂದಿದ್ದಳು. ನಾಚಿಕೆಯಿಂದ ಇವಳಿಗೆ ಕಲಿತ ಅಷ್ಟಿಷ್ಟು ಪರಭಾಷೆಯೂ ಮರೆತಂತಾಗಿ, "ಬಿಸಿ ಇದೆಯಾ ಆಂಟಿ?" ಎಂದು ಹೇಗೋ ಉಸುರಿದ್ದಳು.

"ಆಂಟಿ ಅಂತೆ! ನಿಮ್ಮ ಚಿಕ್ಕಪ್ಪನ್ನ ನಾನ್ಯಾವಾಗ ಕಟ್ಕೊಂಡೆ? ಅಕ್ಕ ಅನ್ನು ಸಾಕು."

ಅಕ್ಕ ಎಂದದ್ದೇ ತಡ, ಒಳಗೆ ಏನೋ ಸಡಿಲವಾಯಿತು. ಆಮೇಲಿನ ದಿನಗಳಲ್ಲಿ ನಡೆದದ್ದಕ್ಕೆ ಅವಳಿಗೇ ಆಶ್ಚರ್ಯ. ಒಂದು ಚಮಚ ಕೊಟ್ಟು, ಅದು ಒಳಗಿಳಿಯುವವರೆಗೆ ಕಾಯಬೇಕಲ್ಲ, ಆ ಬಿಡುವಿನಲ್ಲಿ ಅವಳು ಮಾತಾಡತೊಡಗಿದಳು. ಬಾಯಿ ತುಂಬಿದವರ ಎದುರು ಮಾತು ಎಷ್ಟು ಸಲೀಸು! ಅವರು ನಡುವೆ ಬಾಯಿ ಹಾಕುವುದಿಲ್ಲ, ನಿನ್ನ ಮಾತನ್ನು ನಾನೇ ಮುಗಿಸುತ್ತೇನೆಂದು ಹೊರಡುವುದಿಲ್ಲ, ವ್ಯಾಕರಣ ತಪ್ಪಿದರೆ ಹುಬ್ಬೇರಿಸುವುದಿಲ್ಲ. ಊರಿನಲ್ಲಿದ್ದಾಗ ಹೊಟ್ಟೆನೋವೆಂದು ಒಮ್ಮೆ ಡಾಕ್ಟರ ಹತ್ತಿರ ಹೋದಾಗ, ಎಲ್ಲಿ ನೋಯುತ್ತದಮ್ಮ ಎಂದು ಅವರು ಇವಳನ್ನು ಕೇಳಿದರೆ, ಅಮ್ಮನೇ ಮುಂದೆ ಬಿದ್ದು, "ಎಡಗಡೆ ಡಾಕ್ಟ್ರೇ, ಅವಳಿಗೆ ನಾಚಿಕೆ," ಎಂದುಬಿಟ್ಟಿದ್ದಳು. ನೋವಿದ್ದದ್ದು ಬಲಗಡೆ. ಡಾಕ್ಟರು ಎಡಗಡೆ ಒತ್ತಿ ನೋಡಿ, ಎಡಗಡೆಗೆಂದೇ ಔಷಧಿ ಬರೆದರು. ಇವಳು ಪಥ್ಯ ಸಮೇತ ಅದನ್ನು ಕುಡಿದು ಮುಗಿಸಿದಳು. ಈ ಕತೆ ಕೇಳಿ ಯಜಮಾನಿಗೆ ಸೂಪು ನೆತ್ತಿಗೆ ಹತ್ತಿತು.

"ಆಮೇಲೆ?"

"ವಾಸಿ ಆಯ್ತು ಅಕ್ಕ."

"ಯಾವುದು, ಎಡಗಡೇದಾ?"

ಅವತ್ತು ಸಂಜೆ ಕೂತು ಅವಳು ಮೇಷ್ಟ್ರಿಗೆ ಒಪ್ಪಿಸಬೇಕಾದ ಅನುಭವ ಬರಹವನ್ನು ಒಂದೇ ಉಸಿರಿಗೆ ಬರೆದಿದ್ದಳು. ಅದರಲ್ಲಿ ಹೊಟ್ಟೆನೋವಾಗಲಿ ನಗುವಾಗಲಿ ಇರಲಿಲ್ಲ. 'ನನ್ನ ಕೈಯಿಂದ ಒಂದು ಜೀವ ಉಣ್ಣುತ್ತಿದೆ' ಎಂಬ ವಾಕ್ಯವಿತ್ತು, ತಾಯ್ತನ ಎಂಬ ಮಾತು ಎರಡು ಕಡೆ ಇತ್ತು. ಮೇಷ್ಟ್ರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಸೇವೆ ಎಂದರೆ ಪಡೆಯುವುದಲ್ಲ ಕೊಡುವುದು, ಇದನ್ನು ಈ ಹುಡುಗಿಯಿಂದ ಕಲಿಯಿರಿ ಎಂದಿದ್ದರು. ಜೀವನದಲ್ಲಿ ಮೊದಲ ಬಾರಿಗೆ ಒಂದು ಕೋಣೆ ತುಂಬ ಜನ ತನ್ನತ್ತ ತಿರುಗಿ ನೋಡಿದಾಗ ಅವಳು ನೆಲ ನೋಡಿದ್ದಳು, ನಿಜ. ಆದರೆ ನೆಲ ನೋಡುತ್ತಲೇ ಯಾರು ಯಾರು ನೋಡುತ್ತಿದ್ದಾರೆಂಬುದನ್ನೂ ಗಮನಿಸಿದ್ದಳು.

ಬಸ್ಸು ತಿರುವಿನಲ್ಲಿ ವಾಲಿತು. ಎದುರಿನ ಸೀಟಿನ ಮುದುಕ ತೂಕಡಿಸುತ್ತಾ ಇವಳತ್ತ ಬಾಗಿ, ಮತ್ತೆ ತಾನೇ ಸರಿಯಾದ. ಹಿಡಿಯಲೆಂದು ಇವಳ ಕೈ ಆಗಲೇ ಅರ್ಧ ಎದ್ದಿತ್ತು. ನೋಡು, ಹೇಗೆ ಏಳುತ್ತದೆ! ಅದನ್ನು ಮತ್ತೆ ಮಡಿಲಿಗೆ ಇಳಿಸಿಕೊಂಡಳು.

ಗುಟ್ಟು ಗೊತ್ತಾದದ್ದು ಒಂದು ಭಾನುವಾರ. ಮರೆತು ಬಂದಿದ್ದ ಕೊಡೆ ತರಲೆಂದು ಅವಳೊಬ್ಬಳೇ ನಿಲಯಕ್ಕೆ ಹೋಗಿದ್ದಳು. ಊಟದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಜಮಾನಿ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅಮುಕಿ ಹಿಡಿದು, ಎರಡೂ ಕೈಗಳನ್ನು ಒಂದೇ ಕೈಯಾಗಿ ಮಾಡಿಕೊಂಡು, ಬಟ್ಟಲಿಗೆ ಮುಖ ಬಗ್ಗಿಸಿ ತನ್ನ ಪಾಡಿಗೆ ತಾನು ಉಣ್ಣುತ್ತಿದ್ದಳು. ಚೆಲ್ಲುತ್ತಿತ್ತು, ಆದರೆ ಇವಳು ತಿನ್ನಿಸುವಾಗ ಚೆಲ್ಲುವುದಕ್ಕಿಂತ ಹೆಚ್ಚೇನಲ್ಲ. ಪಕ್ಕದಲ್ಲಿ ಬೂಟಣ್ಣ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು, ಸೀಟಿ ಹೊಡೆಯುತ್ತಾ, ಒಂದೇ ಕೈಯಲ್ಲಿ ಬೂಟಿನ ದಾರ ಬಿಗಿಯುತ್ತಿದ್ದ. ಇವಳು ಕಳ್ಳಿಯ ಹಾಗೆ ಹಿಂದೆ ಸರಿಯುವಷ್ಟರಲ್ಲಿ ಯಜಮಾನಿಯ ಕಣ್ಣಿಗೆ ಬಿದ್ದಳು.

"ಬಾ ಬಾ, ಯಾಕೆ ಬಾಗಿಲಲ್ಲಿ ನಿಂತೆ? ಇವತ್ತು ನಿಂಗೆ ರಜೆ ತಾನೆ? ನಮಗೂ ರಜೆ."

ಬೂಟಣ್ಣ ಸೀಟಿ ನಿಲ್ಲಿಸಿದ. "ಆ ನಿನ್ನ ಗೆಳತಿಗೆ ಮಾತ್ರ ಹೇಳ್ಬೇಡಮ್ಮ. ಪಾಪ, ಈಗೀಗ ಗಂಟು ಹಾಕೋದು ಕಲೀತಾ ಇದಾಳೆ."

ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಯಜಮಾನಿ ಬ್ರೆಡ್ಡಿನಿಂದ ಬಟ್ಟಲು ಒರೆಸಿಕೊಂಡು ತಿನ್ನುತ್ತಲೇ ಹೇಳಿದಳು. ಎತ್ತುವುದು, ಮೀಯಿಸುವುದು, ರಾತ್ರಿ ಮಗ್ಗುಲು ಬದಲಿಸುವುದು ಇವೆಲ್ಲ ಪಳಗಿದ ಕೈಗಳ ಕೆಲಸ. ರಜೆಯಲ್ಲಿ ಬಂದು ಹೋಗುವ ಮಕ್ಕಳಿಗೆ ಕೊಟ್ಟರೆ ಯಾರಾದರೂ ಕೈಕಾಲು ಮುರಿದುಕೊಂಡಾರು. ಹಾಗೆಂದು ಅಷ್ಟು ದೂರದಿಂದ ಬಂದ ಮಕ್ಕಳನ್ನು ಬರಿಗೈಯಲ್ಲಿ ಕೂರಿಸಲಾದೀತೆ? ಅವರ ಮುಖ ನೋಡಲಾಗುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಗುಂಪು ಬರುವ ಮುಂಚೆ ಮೇಲ್ವಿಚಾರಕಿ ಎಲ್ಲರನ್ನೂ ಸೇರಿಸಿ, ಈ ಸಲ ಯಾರು ಏನು ಬಿಟ್ಟುಕೊಡ್ತೀರಿ ಎಂದು ಕೇಳುತ್ತಾಳೆ. ಒಬ್ಬ ಬೂಟಿನ ದಾರ ಬಿಟ್ಟುಕೊಡುತ್ತಾನೆ, ಒಬ್ಬಳು ತಲೆ ಬಾಚಿಕೊಳ್ಳುವುದನ್ನು. ಹೋದ ಸಲ ಯಜಮಾನಿ ಪೇಪರು ಓದುವುದನ್ನು ಬಿಟ್ಟುಕೊಟ್ಟಿದ್ದಳು. ಒಬ್ಬ ಹುಡುಗ ದಿನವೂ ಹವಾಮಾನ ವರದಿಯನ್ನು ಭಾವ ತುಂಬಿ ಓದುತ್ತಿದ್ದನಂತೆ. ಈ ಸಲ ಮಧ್ಯಾಹ್ನದ ಚಮಚ.

"ಹಾಗಾದ್ರೆ ನಾನು..." ಎಂದಳು ಅವಳು.

"ನೀನು ಚೆನ್ನಾಗೇ ತಿನ್ನಿಸ್ತೀಯ. ಸ್ವಲ್ಪ ಹಲ್ಲಿಗೆ ತಗಲತ್ತೆ, ಅಷ್ಟೇ."

ಕೊಡೆ ತೆಗೆದುಕೊಳ್ಳುವುದನ್ನೇ ಮರೆತು ಅವಳು ಹೊರಬಿದ್ದಿದ್ದಳು. ಕಿವಿಯ ತುದಿಯವರೆಗೆ ಬಿಸಿ. ದಾರಿಯುದ್ದಕ್ಕೂ ತಾಯ್ತನ, ತಾಯ್ತನ ಎಂದು ಮೇಷ್ಟ್ರ ದನಿ ಕೇಳುತ್ತಿತ್ತು. ತಾನು ಉಣಿಸುತ್ತಿದ್ದೇನೆಂದುಕೊಂಡಿದ್ದ ಪ್ರತಿ ತುತ್ತಿಗೂ ಆ ಹೆಂಗಸು ಬಾಯಿ ತೆರೆದುಕೊಂಡು ತನ್ನನ್ನೇ ಆಡಿಸುತ್ತಿದ್ದಳು, ಮಗುವಿನ ಕೈಗೆ ಖಾಲಿ ಪಾತ್ರೆ ಕೊಟ್ಟು ಅಡುಗೆ ಮಾಡು ಪುಟ್ಟಾ ಅನ್ನುವ ಹಾಗೆ. ಇದು ಮೋಸವೇ? ಮೋಸವಾಗಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಮರುದಿನ ಹೋಗಿ, ಇನ್ನು ತಿನ್ನಿಸುವುದಿಲ್ಲ ಎಂದು ಮುಖದ ಮೇಲೆ ಹೇಳಬೇಕೆಂದು ನಿಶ್ಚಯಿಸಿದಳು. ಮರುದಿನ ಯಜಮಾನಿ ಏನೂ ಆಗದವಳಂತೆ ಬಾಯಿ ತೆರೆದಳು. ಇವಳು ಏನೂ ಆಗದವಳಂತೆ ಚಮಚ ಎತ್ತಿದಳು. ಎರಡನೆಯ ತುತ್ತಿಗೆ, ಅತ್ತಿಗೆ ತನ್ನನ್ನು ಮನೆಗೆ ಬಂದವರಿಗೆಲ್ಲ 'ಇವಳೂ ಇದಾಳೆ' ಎಂದು ಪರಿಚಯಿಸುವ ರೀತಿಯನ್ನು ಹೇಳತೊಡಗಿದ್ದಳು. ಗೊತ್ತಿದ್ದೂ ನಡೆಸುವ ನಾಟಕದಲ್ಲಿ ಒಂದು ಥರ ನೆಮ್ಮದಿಯಿತ್ತು. ಆ ನೆಮ್ಮದಿಯ ಬಗ್ಗೆಯೇ ಅವಳಿಗೆ ಅಸಹ್ಯವೂ ಇತ್ತು.

ನಿನ್ನೆ ಮಾತ್ರ ಯಜಮಾನಿ ಮೊದಲ ತುತ್ತಿಗೇ ಕೈ ಅಡ್ಡ ಹಿಡಿದು, ಇವತ್ತು ನಾನು ಹೇಳ್ತೀನಿ ನೀನು ಕೇಳು ಎಂದಳು. ನಿಲಯದ ಹಿಂದಿನ ಬೀದಿಯಲ್ಲಿ ಒಂದು ಮನೆ ಇದೆ. ಒಂದು ಕೋಣೆ, ಒಂದು ಅಡುಗೆಮನೆ, ಗಾಲಿಕುರ್ಚಿ ನುಗ್ಗುವಂಥ ಬಾಗಿಲು, ಕಿಟಕಿಯ ಕೆಳಗೇ ಬಸ್‌ಸ್ಟಾಪು. ಒಬ್ಬರೇ ಇರಬಲ್ಲವರಿಗೆ ಸರ್ಕಾರ ಕೊಡುತ್ತದೆ. ಒಬ್ಬರೇ ಇರಬಲ್ಲರೆ ಎಂದು ನೋಡಲು ಒಬ್ಬ ಅಧಿಕಾರಿ ಬರುತ್ತಾನೆ. ಹಿಂದೊಮ್ಮೆ ಬಂದಾಗ ಒಲೆಯ ಗುಂಡಿ ತಿರುಗಿಸಲು ತಡವಾಯಿತೆಂದು ಮನೆ ತಪ್ಪಿಹೋಗಿತ್ತು. "ಈಗ ಒಲೆ ಆಯ್ತು, ಬೀಗ ಆಯ್ತು, ಊಟ ಒಂದು ಬಾಕಿ. ನಾಳೆ ಮಧ್ಯಾಹ್ನ ಬಂದು ನೋಡ್ತಾನಂತೆ. ಮೂವರ ಜೊತೆ ಒಂದು ಕೋಣೇಲಿ ಮಲಗಿ ಮಲಗಿ ನಂಗೆ ಮೂವರ ಗೊರಕೆಯೂ ಬಾಯಿಪಾಠ ಆಗಿದೆ. ನಾಳೆ ನೀನು ಚಮಚ ಮುಟ್ಬೇಡ. ಎದುರಿಗೆ ಸುಮ್ನೆ ಕೂತಿರು."

"ನಾಳೇನೇ ಮೇಷ್ಟ್ರೂ ಬರ್ತಾರೆ ಅಕ್ಕ. ಯಾಕೆ ತಿನ್ನಿಸ್ತಾ ಇಲ್ಲ ಅಂದ್ರೆ?"

"ನನ್ನ ಕೇಳಿ ಅನ್ನು. ನಂಗೆ ಬಾಯಿಲ್ವಾ?"

ಊಟದ ಕೋಣೆಯಲ್ಲಿ ಇವತ್ತು ಹೊದಿಕೆ ಹೊಸದಾಗಿತ್ತು. ಮಡಿಕೆಯ ಗೆರೆಗಳು ಇನ್ನೂ ಎದ್ದು ನಿಂತಿದ್ದವು. ಯಜಮಾನಿ ಬಿಳಿ ರವಿಕೆಯಂಥ ಏನನ್ನೋ ತೊಟ್ಟು ಕತ್ತಿನವರೆಗೆ ಗುಂಡಿ ಹಾಕಿಕೊಂಡಿದ್ದಳು. ಬೂಟಣ್ಣ ದೂರದಿಂದಲೇ, "ಮದುವಣಗಿತ್ತಿ ಬಂದ್ಲಪ್ಪಾ," ಎಂದ. "ಹೆಣ್ಣು ನೋಡೋಕೆ ಬರ್ತಿರೋದು ನೀನಲ್ಲ ತಾನೆ? ಸದ್ಯ," ಎಂದು ಯಜಮಾನಿ ಅಂದಳು, ಆದರೆ ಅಂದಮೇಲೆ ನಗಲಿಲ್ಲ. ಅಧಿಕಾರಿ ಬಾಗಿಲ ಬಳಿ ಮೇಲ್ವಿಚಾರಕಿಯ ಜೊತೆ ಗೋಡೆಯ ತೇವದ ವಿಷಯ ಮಾತಾಡುತ್ತಾ ನಿಂತಿದ್ದ. ಅಗಲವಾದ ಟೈ, ಕೈಯಲ್ಲಿ ಒಂದು ಹಲಗೆ, ಅದರ ಮೇಲೆ ಹಾಳೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಅವನು ಕೆಟ್ಟವನಂತೆ ಕಾಣಲಿಲ್ಲ. ಕೆಟ್ಟವನಂತೆ ಕಂಡಿದ್ದರೆ ಒಳ್ಳೆಯದಿತ್ತು. ಇವಳು ಎದುರಿನ ಕುರ್ಚಿಯಲ್ಲಿ ಕೂತು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಸೂಪಿನ ಬಟ್ಟಲು ಬಂತು, ಪಕ್ಕದಲ್ಲಿ ಚಮಚ. ಯಜಮಾನಿ ಎಡಗೈಯನ್ನು ಎತ್ತಿ ಬಲಗೈ ಮೇಲಿಟ್ಟಳು. ಅದು ತಕ್ಷಣ ಆಗುವಂಥದ್ದಲ್ಲ. ಎರಡು ಕೈಗಳೂ ಮೊದಲು ತಮ್ಮ ತಮ್ಮಲ್ಲೇ ಜಗಳವಾಡಿ, ನಡುಕ ಮೇಜಿಗೆ ಇಳಿದು, ಬಟ್ಟಲು ಸಣ್ಣಗೆ ಕಿಣಿಕಿಣಿ ಎಂದು, ಆಮೇಲೆ ಎಲ್ಲ ಒಂದು ಹದಕ್ಕೆ ಬರಬೇಕು. ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತಿನಲ್ಲಿಯೇ ಮೇಷ್ಟ್ರು ಹಿಂದಿನಿಂದ ಬಂದು ಭುಜದ ಮೇಲೆ ಬಗ್ಗಿದರು.

"ಏನಮ್ಮಾ, ಕೈಕಟ್ಟಿ ಕೂತುಬಿಟ್ಟಿದೀಯ? ಪಾಪ, ಅವರು ಅಷ್ಟು ಒದ್ದಾಡ್ತಾ ಇದಾರೆ. ತಗೋ, ಹೂಂ. ನಾನು ಫೋಟೋ ತೆಗೀತೀನಿ."

ಅವರನ್ನೇ ಕೇಳಿ ಸಾರ್ ಎನ್ನಬೇಕಿತ್ತು. ಎರಡೇ ಮಾತು. ಯಾವುದೋ ಕಾಲದ ನಾಚಿಕೆ ಬಾಗಿಲು ಹಾಕಿಕೊಂಡು ಕೂತಿತ್ತು. ಪಾಪ ಎನ್ನುವ ಮಾತು ಕೇಳಿದ ಕೂಡಲೇ ತೊಡೆಯ ಕೆಳಗಿನಿಂದ ಒಂದು ಕೈ ಎದ್ದು ಹೊರಬಂತು. ಅವಳು ಅದನ್ನು ನೋಡಿದಳು, ನೋಡುತ್ತಲೇ ಇದ್ದಳು. ಅದು ಅಚ್ಚುಕಟ್ಟಾಗಿ ಚಮಚ ತೆಗೆದುಕೊಂಡಿತು, ಸೂಪಿನಲ್ಲಿ ಅದ್ದಿತು, ತಳವನ್ನು ಬಟ್ಟಲಿನ ಅಂಚಿಗೆ ಒರೆಸಿತು, ಎಂದೂ ಇಲ್ಲದಷ್ಟು ಸ್ಥಿರವಾಗಿ ಮೇಲೆದ್ದಿತು. ಯಜಮಾನಿ ಬಾಯಿ ಬಿಗಿದಳು. ಚಮಚ ತುಟಿಗೆ ಬಡಿಯಿತು. ಸೂಪು ಗಲ್ಲದಿಂದಿಳಿದು ಕತ್ತಿನ ಗುಂಡಿಯನ್ನು ದಾಟಿ ಬಿಳಿ ಬಟ್ಟೆಯ ಮೇಲೆ ಹರಿಯಿತು. ಕ್ಯಾಮೆರಾ ಕ್ಲಿಕ್ ಎಂದಿತು. ಅಧಿಕಾರಿ ತಿರುಗಿದ, ಬಂದ, ಮೇಜಿನ ಮೇಲೆ ಬಿದ್ದದ್ದನ್ನೂ ಬಟ್ಟೆಯ ಮೇಲೆ ಬಿದ್ದದ್ದನ್ನೂ ನೋಡಿದ. ಯಜಮಾನಿಯನ್ನು ನೋಡಲಿಲ್ಲ.

"ದಿನಾ ಊಟ ನೀವೇ ಮಾಡಿಸೋದಾ?" ಎಂದು ಇವಳನ್ನು ಕೇಳಿದ.

ಇವಳ ತುಟಿಗಳು ಬೇರೆಯಾದವು. "ಹೌದು, ದಿನಾ ಇವಳೇ," ಎಂದರು ಮೇಷ್ಟ್ರು, ಹೆಮ್ಮೆಯಿಂದ. "ಸ್ವಲ್ಪ ನಾಚಿಕೆ ಸ್ವಭಾವ, ಆದ್ರೆ ಒಂದು ದಿನವೂ ತಪ್ಪಿಸಿಲ್ಲ."

ಮೇಲ್ವಿಚಾರಕಿ ಏನೋ ಹೇಳಲು ಬಾಯಿ ತೆರೆದು, ಮೇಷ್ಟ್ರ ಮುಖ ನೋಡಿ, ಮುಂದಿನ ವರ್ಷವೂ ಗುಂಪು ಬರಬೇಕೆಂಬುದು ನೆನಪಾದವಳಂತೆ ಮುಚ್ಚಿದಳು. ಅಧಿಕಾರಿ ಕಿವಿಯಿಂದ ಪೆನ್ಸಿಲ್ ತೆಗೆದು ಒಂದು ಸಾಲು ಬರೆದ. ಬರೆಯುವಾಗ ತಲೆ ಆಡಿಸಿದ, ಕನಿಕರದಿಂದ. ಯಜಮಾನಿಯ ಬಾಯಿ ಇನ್ನೂ ಬಿಗಿದೇ ಇತ್ತು. ಸಿಟ್ಟು ಬಂದರೆ ಅವಳ ಕತ್ತು ಪೂರಾ ಸೆಟೆದುಕೊಂಡು ಮಾತು ಹೊರಡಲು ಬಹಳ ಹೊತ್ತು ಹಿಡಿಯುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತು, ಕಾಯಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಅಧಿಕಾರಿ ನಮಸ್ಕಾರದಂಥ ಏನನ್ನೋ ಮಾಡಿ ಹೊರಟ. ಮೇಲ್ವಿಚಾರಕಿ ಬಾಗಿಲವರೆಗೆ ಕಳಿಸಲು ಹೋದಳು. ಮೇಷ್ಟ್ರು ಬೂಟಣ್ಣನ ಕಾಲಿನ ಫೋಟೋ ತೆಗೆಯಲು ಆಚೆ ಸರಿದರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ, ಯಜಮಾನಿ ಬಿಟ್ಟಳು.

"ಬಟ್ಟೆ... ತಾ."

ಅವಳು ಓಡಿದಳು. ಅಡುಗೆಮನೆಯ ಹಗ್ಗದಿಂದ ಬಟ್ಟೆ ಎಳೆದುಕೊಂಡು ಓಡಿಬರುವಾಗ, ಛೀ, ಒಂದು ಕೆಲಸ ಸಿಕ್ಕಿತಲ್ಲ ಎಂಬ ಹಗುರ ಮನಸ್ಸಿನಲ್ಲಿ ಸುಳಿದದ್ದು ಅವಳಿಗೇ ತಿಳಿಯಿತು. ಗಲ್ಲ ಒರೆಸಲೆಂದು ಚಾಚಿದ ಕೈಯನ್ನು ಅರ್ಧದಲ್ಲಿ ನಿಲ್ಲಿಸಿದಳು. ಯಜಮಾನಿ ಬಟ್ಟೆ ಕಿತ್ತುಕೊಂಡಳು. ಒರೆಸಿಕೊಳ್ಳಲಿಲ್ಲ.

"ಅಕ್ಕ, ನಾನು ಬೇಕೂಂತ..."

"ನಿನ್ನ ಅಳು ಆಮೇಲೆ. ಹೋದ್ನಾ ಅವ್ನು?"

ಕಿಟಕಿಯಿಂದ ನೋಡಿದಳು. ಅಂಗಳದಾಚೆ ಅಧಿಕಾರಿ ಕಾರಿನ ಬಾಗಿಲಿಗೆ ಕೈ ಹಾಕಿದ್ದ. "ಇದಾರೆ. ಹೊರಟ್ರು."

"ಕೂಗು."

"ನಾನಾ?"

"ಇನ್ಯಾರು? ನನ್ನ ದನಿ ಈ ಬಟ್ಟಲು ದಾಟಲ್ಲ. ಕೂಗೇ!"

ಕೂಗುವುದೆಂದರೆ ಏನೆಂದೇ ಅವಳಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ತರಕಾರಿಯವನನ್ನು ಕರೆಯುವುದಕ್ಕೂ ಅವಳು ಅತ್ತಿಗೆಯನ್ನು ಕರೆಯುವವಳು. ಅತ್ತಿಗೆಯನ್ನು ಕರೆಯಲು ಅವಳ ಹತ್ತಿರವೇ ನಡೆದು ಹೋಗುವವಳು. ಕಿಟಕಿಯ ಚಿಲಕ ತೆಗೆದಳು. ಆ ಭಾಷೆಯ ಒಂದು ಪದವೂ ನಾಲಿಗೆಗೆ ಬರಲಿಲ್ಲ. "ರೀ!" ಎಂದಳು. ಹೊರಟದ್ದು ಗಾಳಿ. ಕಾರಿನ ಬಾಗಿಲು ತೆರೆದುಕೊಂಡಿತು. "ರೀ! ನಿಲ್ರೀ! ನಿಮ್ಮನ್ನೇ! ನಿಲ್ರೀ ಅಲ್ಲೇ!" ಎಲ್ಲಿತ್ತೋ ಆ ದನಿ, ಒರಟಾಗಿ, ಸೀಳಿಕೊಂಡು, ಅಪ್ಪಟ ಮನೆಯ ಭಾಷೆಯಲ್ಲಿ ಅಂಗಳ ದಾಟಿ ಹೋಯಿತು. ಪದ ತಿಳಿಯದಿದ್ದರೂ ಆ ಅಂಗಳದಲ್ಲಿದ್ದವರೆಲ್ಲ ನಿಂತರು. ಎತ್ತರದ ಹುಡುಗ ಗಾಲಿಕುರ್ಚಿ ನಿಲ್ಲಿಸಿದ. ಅದರಲ್ಲಿದ್ದವನು ತಾನೇ ಚಕ್ರ ತಿರುಗಿಸಿಕೊಂಡು ನೋಡಲು ಮುಂದೆ ಬಂದ. ಕೋಣೆಯೊಳಗೆ ಮಾತಿನಮಲ್ಲಿ ಮೊದಲ ಬಾರಿಗೆ ಮಾತಿಲ್ಲದೆ ಬಾಯಿ ತೆರೆದುಕೊಂಡಿದ್ದಳು. ಅಧಿಕಾರಿ ಏನೋ ಅನಾಹುತವಾಯಿತೆಂದು ಓಡುತ್ತಲೇ ಬಂದ.

"ಏನಾಯ್ತು?"

"ಏನಿಲ್ಲ ಏನಿಲ್ಲ," ಎಂದು ಮೇಷ್ಟ್ರು ಮುಂದೆ ಬಂದರು, "ಅವಳು ಸ್ವಲ್ಪ..."

"ಸಾರ್, ನೀವು ಸುಮ್ನಿರಿ," ಎಂದಳು. ಹೇಳಿದ ಮೇಲೆ ಭಯವಾಯಿತು, ಆದರೆ ಹೇಳಿಯಾಗಿತ್ತು. ಆಮೇಲಿನದು ತಪ್ಪುತಪ್ಪು ಭಾಷೆಯಲ್ಲಿ ಬಂತು. "ಇವರು ತಾವೇ ತಿಂತಾರೆ. ದಿನಾ. ತಿನ್ನಿಸೋದು ನಾನು... ಅದು ಇವರಿಗಲ್ಲ, ನನಗೆ. ನಂಗೆ ಏನಾದ್ರೂ ಕೆಲಸ ಬೇಕಿತ್ತು. ಅದಕ್ಕೆ ಇವರು ಚಮಚ ಬಿಟ್ಟುಕೊಟ್ರು. ಎಲ್ಲರೂ ಒಂದೊಂದು ಬಿಟ್ಟುಕೊಟ್ಟಿದಾರೆ."

ಮಾತಿನಮಲ್ಲಿ ಬೂಟಣ್ಣನ ಬೂಟು ನೋಡಿದಳು. ಬೂಟಣ್ಣ ಚಾವಣಿ ನೋಡಿದ. ಮೇಷ್ಟ್ರು ಕ್ಯಾಮೆರಾದ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

ಅಧಿಕಾರಿ ಗಡಿಯಾರ ನೋಡಿಕೊಂಡ. "ಹಾಗಿದ್ರೆ ಮುಂದಿನ ಸಲ ಬಂದಾಗ ನೋಡೋಣ."

"ಮುಂದಿನ ಸಲಕ್ಕೆ ಸೂಪು ಆರಿಹೋಗತ್ತೆ," ಎಂದಳು ಯಜಮಾನಿ. ಕತ್ತು ಸಡಿಲಾಗಿತ್ತು. "ಕೂತ್ಕೊಳ್ಳಿ."

ಅವನು ಕೂತ. ಯಜಮಾನಿ ಎಡಗೈಯನ್ನು ಬಲಗೈ ಮೇಲಿಟ್ಟಳು. ಕೈಗಳು ಜಗಳವಾಡಿದವು, ಬಟ್ಟಲು ಕಿಣಿಕಿಣಿ ಎಂದಿತು. ಇವಳು ತನ್ನ ಕುರ್ಚಿಗೆ ಬಂದು ಕೂತಳು. ಮೊದಲ ಚಮಚ ಅರ್ಧ ದಾರಿಯಲ್ಲೇ ಮಗುಚಿತು. ಅಯ್ಯೋ ಎಂದು ಮೈಯೆಲ್ಲ ಮುಂದಕ್ಕೆ ಬಾಗಿತು, ಬಾಗಿದ್ದು ಹಿಂದಕ್ಕೆ ಬಂತು. ಕೈಗಳು ಮೇಜಿನ ಮೇಲೆ, ಎಲ್ಲರೆದುರು, ಏನೂ ಮಾಡದೆ ಬಿದ್ದಿದ್ದವು. ಎರಡನೆಯದು ಬಾಯಿ ಮುಟ್ಟಿತು. ಮೂರನೆಯದು ಮುಟ್ಟಿತು. ಬೇಗ ಮುಗಿಸಬೇಕೆಂಬ ಯಾವ ಆತುರವೂ ಯಜಮಾನಿಗೆ ಇದ್ದಂತೆ ಕಾಣಲಿಲ್ಲ. ನಡುವೆ ನಿಲ್ಲಿಸಿ, ಉಪ್ಪು ಸಾಲದು ಎಂದಳು. ಉಪ್ಪಿನ ಡಬ್ಬಿಗೆ ತಾನೇ ಕೈ ಚಾಚಿದಳು. ಬಟ್ಟಲು ಅರ್ಧಕ್ಕೆ ಬಂದಾಗ ಅಧಿಕಾರಿ ಪೆನ್ಸಿಲ್ ತೆಗೆದು, ಮೊದಲು ಬರೆದ ಸಾಲಿನ ಮೇಲೆ ಒಂದು ಗೆರೆ ಎಳೆದ. ಆಮೇಲೆ ಏಳಬೇಕೋ ಕೂತಿರಬೇಕೋ ತಿಳಿಯದೆ ಕೂತೇ ಇದ್ದ.

"ಊಟದ ಹೊತ್ತು. ನಾನೊಬ್ಳೇ ತಿನ್ನೋದನ್ನ ಎಲ್ರೂ ನೋಡ್ತಾ ಕೂತ್ರೆ ಹೇಗೆ?" ಯಜಮಾನಿ ಇವಳತ್ತ ತಿರುಗಿದಳು. "ಸಾಹೇಬ್ರಿಗೂ ಒಂದು ಬಟ್ಟಲು ಹಾಕು."

ಇವಳು ಎದ್ದು ಹೋಗಿ ಹಾಕಿ ತಂದಳು. ಬೇಡ ಬೇಡ ಎನ್ನುತ್ತಲೇ ಅಧಿಕಾರಿ ಹಲಗೆಯನ್ನು ಪಕ್ಕಕ್ಕಿಟ್ಟು, ಚಮಚ ತುಂಬಿಕೊಂಡು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬುದು ಅರಿವಾಗಿ, ಬಾಯಿಯ ಹತ್ತಿರ ತಂದ. ಅವನ ಕೈ ಒಂದಿಷ್ಟು ಅಲುಗಿತು. ಟೈ ಮೇಲೆ ದಪ್ಪ ಹನಿಯೊಂದು ಬಿದ್ದು ನಿಧಾನವಾಗಿ ಕೆಳಗಿಳಿಯಿತು. ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ.